ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲಿಸದ ಮಗು: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ದೊಡ್ಡ ಮಗಳು ಮೂರನೇ ವಾರದಿಂದ ಸಂಜೆ ಆರಕ್ಕೆ ಅಳು ಶುರು ಮಾಡಿದರೆ ರಾತ್ರಿ ಹತ್ತಾದರೂ ನಿಲ್ಲಿಸುತ್ತಿರಲಿಲ್ಲ. ಹೊಟ್ಟೆ ತುಂಬಿರುತ್ತಿತ್ತು, ಬಟ್ಟೆ ಒಣಗಿರುತ್ತಿತ್ತು, ಮೈ ಬಿಸಿ ಇರುತ್ತಿರಲಿಲ್ಲ. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ಆಗ ನಾನು ಸಿಕ್ಕವರನ್ನೆಲ್ಲ ಕೇಳಿದ ಪ್ರಶ್ನೆಗಳು, ಆಮೇಲೆ ಬೇರೆ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ನಾನು ಡಾಕ್ಟರ್ ಅಲ್ಲ. ಓದಿ, ಕೇಳಿ, ಅನುಭವಿಸಿ ತಿಳಿದದ್ದನ್ನು ಬರೆದಿದ್ದೇನೆ. ನಿಮ್ಮ ಮಗುವಿನ ಬಗ್ಗೆ ಅನುಮಾನ ಇದ್ದರೆ ಮಗುವನ್ನು ನೋಡುವ ಡಾಕ್ಟರ್ ಮಾತೇ ಕೊನೆ.

ಇಷ್ಟೊಂದು ಅಳುವುದು ಸಹಜವಾ?

ಬಹಳಷ್ಟು ಸಲ ಸಹಜವೇ. ಹುಟ್ಟಿ ಎರಡು ವಾರ ಆಗುವ ಹೊತ್ತಿಗೆ ಮಕ್ಕಳ ಅಳು ಏರುತ್ತಾ ಹೋಗುತ್ತದೆ. ಐದಾರು ವಾರಕ್ಕೆ ತುತ್ತತುದಿ ಮುಟ್ಟುತ್ತದೆ. ಅಲ್ಲಿಂದ ಮೆಲ್ಲಗೆ ಇಳಿದು ಮೂರು ನಾಲ್ಕು ತಿಂಗಳಿಗೆ ತುಂಬ ಕಡಿಮೆಯಾಗುತ್ತದೆ. 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಬೆರ್ರಿ ಬ್ರೇಜಲ್ಟನ್ 80 ಮಕ್ಕಳ ಅಮ್ಮಂದಿರಿಂದ ಅಳುವಿನ ಲೆಕ್ಕ ಬರೆಸಿದರು. ಆರನೇ ವಾರದಲ್ಲಿ ಆ ಮಕ್ಕಳು ದಿನಕ್ಕೆ ಸುಮಾರು ಎರಡೂ ಮುಕ್ಕಾಲು ಗಂಟೆ ಅಳುತ್ತಿದ್ದವು. ಅವೆಲ್ಲ ಆರೋಗ್ಯವಾಗಿದ್ದ ಮಕ್ಕಳು. 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮೊದಲ ಆರು ವಾರ ದಿನಕ್ಕೆ ಸುಮಾರು ಎರಡು ಗಂಟೆ, 10ರಿಂದ 12ನೇ ವಾರದಲ್ಲಿ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು ಎಂದು ಕಂಡುಬಂತು. ಇದು ಸರಾಸರಿ ಅಷ್ಟೇ. ಕೆಲವು ಮಕ್ಕಳು ಅರ್ಧ ಗಂಟೆ ಅಳುತ್ತವೆ, ಕೆಲವು ಐದು ಗಂಟೆ ಅಳುತ್ತವೆ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ವಾರಗಳನ್ನು ಹುಟ್ಟಿದ ದಿನದಿಂದ ಎಣಿಸಬೇಡಿ. ಡಾಕ್ಟರ್ ಕೊಟ್ಟಿದ್ದ ಹೆರಿಗೆಯ ತಾರೀಖಿನಿಂದ ಎಣಿಸಿ. ಆ ಮಕ್ಕಳ ಅಳು ಏರುವುದೂ ಇಳಿಯುವುದೂ ಅದೇ ಲೆಕ್ಕದಲ್ಲಿ.

ಡಾಕ್ಟರ್ 'ಕಾಲಿಕ್' ಅಂದರು. ಹಾಗಂದ್ರೆ ಏನು?

ಆರೋಗ್ಯವಾಗಿರುವ, ಚೆನ್ನಾಗಿ ಬೆಳೆಯುತ್ತಿರುವ ಮಗು ಕಾರಣ ಗೊತ್ತಾಗದ ಹಾಗೆ ಜಾಸ್ತಿ ಹೊತ್ತು ಅಳುವುದಕ್ಕೆ ಇಟ್ಟ ಹೆಸರು ಅದು. 1954ರಲ್ಲಿ ಮಾರಿಸ್ ವೆಸೆಲ್ ಎಂಬ ಮಕ್ಕಳ ವೈದ್ಯರು ಮತ್ತು ಅವರ ಜೊತೆಗಾರರು ಮೂರರ ಲೆಕ್ಕ ಕೊಟ್ಟರು: ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರದಲ್ಲಿ 3 ದಿನಕ್ಕಿಂತ ಜಾಸ್ತಿ, 3 ವಾರಕ್ಕಿಂತ ಜಾಸ್ತಿ. ಈಗಿನ ವೈದ್ಯರು ಗಡಿಯಾರ ನೋಡುವುದು ಕಡಿಮೆ. ಮಗುವಿಗೆ ಐದು ತಿಂಗಳು ತುಂಬಿಲ್ಲ, ಜ್ವರ ಇಲ್ಲ, ತೂಕ ಸರಿಯಾಗಿ ಏರುತ್ತಿದೆ, ಆದರೆ ಮನೆಯವರಿಂದ ಸಮಾಧಾನ ಮಾಡಲು ಆಗುತ್ತಿಲ್ಲ. ಇಷ್ಟಿದ್ದರೆ ಕಾಲಿಕ್ ಅನ್ನುತ್ತಾರೆ. ನನಗೆ ಈ ವಿವರಣೆಯಲ್ಲಿ ತುಂಬ ಹಿಡಿಸಿದ್ದು ಒಂದು ವಿಷಯ. ಸಮಾಧಾನ ಮಾಡಲು ಆಗದಿರುವುದೇ ಆ ಅಳುವಿನ ಲಕ್ಷಣ. ನಿಮ್ಮ ಕೈಯಲ್ಲಿ ಆಗಲಿಲ್ಲ ಅಂದರೆ ನಿಮಗೆ ಮಗು ನೋಡಿಕೊಳ್ಳಲು ಬರುವುದಿಲ್ಲ ಅಂತಲ್ಲ.

ಕಾಯಿಲೆಯಿಂದ ಅಳುತ್ತಿಲ್ಲ ಅಂತ ಹೇಗೆ ಗೊತ್ತಾಗುತ್ತೆ?

ಮೊದಲ ಸಲ ಒಮ್ಮೆ ಡಾಕ್ಟರಿಗೆ ತೋರಿಸಿ. ಬಟ್ಟೆ ಬಿಚ್ಚಿ ತಲೆಯಿಂದ ಕಾಲಿನವರೆಗೆ ನೋಡಿದ ಮೇಲೆ ಅವರು "ಮಗು ಚೆನ್ನಾಗಿದೆ" ಅಂದರೆ ಅರ್ಧ ಭಾರ ಇಳಿಯುತ್ತದೆ. ಆ ಮಾತು ಕೇಳುವುದಕ್ಕಾಗಿಯೇ ಹೋದರೂ ತಪ್ಪಿಲ್ಲ.

ತಡ ಮಾಡದೆ, ರಾತ್ರಿಯಾದರೂ ಸರಿ, ಹೋಗಬೇಕಾದ ಸಂದರ್ಭಗಳಿವೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ. ಹಸಿರು ಬಣ್ಣದ ವಾಂತಿ. ಪ್ರತಿ ಸಲ ಹಾಲು ಕುಡಿದ ಮೇಲೂ ದೂರಕ್ಕೆ ಚಿಮ್ಮುವಂಥ ವಾಂತಿ. ಮಲದಲ್ಲಿ ರಕ್ತ. ಹಾಲು ಬೇಡ ಅನ್ನುವುದು, ಎಬ್ಬಿಸಿದರೂ ಏಳದೆ ಮಂಕಾಗಿರುವುದು, ಮೈ ಜೋತುಬೀಳುವುದು. ನೆತ್ತಿ ಉಬ್ಬಿರುವುದು. ಉಸಿರಾಡಲು ಕಷ್ಟಪಡುವುದು. ಎಲ್ಲಿಂದಾದರೂ ಬಿದ್ದ ಮೇಲೆ ಅಳು ಬದಲಾಗುವುದು. ಯಾವತ್ತೂ ಇಲ್ಲದ ಕೀರಲು ದನಿಯ ಅಳು, ಅಥವಾ ಕ್ಷೀಣವಾಗಿ ನರಳುವ ಅಳು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಾಲು ಮಡಚಿ ಕಿರುಚಿ, ನಡುವೆ ಬಿಳಿಚಿಕೊಂಡು ಸುಸ್ತಾಗಿ ಬೀಳುತ್ತಿದ್ದರೆ ಅದೂ ತುರ್ತು. ಕರುಳು ಒಂದರೊಳಗೊಂದು ಸಿಕ್ಕಿಕೊಂಡಾಗ ಹೀಗಾಗಬಹುದು.

ಇದ್ದಕ್ಕಿದ್ದ ಹಾಗೆ ಶುರುವಾದ ಅಳುವಾದರೆ ಮನೆಯಲ್ಲೇ ಬಟ್ಟೆ ಪೂರ್ತಿ ತೆಗೆದು ನೋಡಿ. ಕೈಬೆರಳು, ಕಾಲ್ಬೆರಳು ಒಂದೊಂದನ್ನೂ ಬಿಡಿಸಿ ನೋಡಿ. ಹೆರಿಗೆ ಆದ ಮೇಲೆ ಅಮ್ಮನ ತಲೆಕೂದಲು ಜಾಸ್ತಿ ಉದುರುತ್ತದೆ ಅಲ್ವಾ, ಆ ಕೂದಲಿನ ಒಂದೇ ಎಳೆ ಮಗುವಿನ ಕಾಲ್ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಬೆರಳು ಊದಿಕೊಳ್ಳುವುದುಂಟು. ಕಾಲುಚೀಲದ ಒಳಗಿನ ದಾರದಿಂದಲೂ ಹಾಗಾಗುತ್ತದೆ. ಗಂಡು ಮಗುವಾದರೆ ಜನನಾಂಗದ ಸುತ್ತಲೂ ನೋಡಿ. ತೊಡೆಸಂದಿನಲ್ಲಿ ಗಟ್ಟಿ ಗಂಟಿನಂತೆ ಉಬ್ಬಿದೆಯಾ ಅಂತ ಗಂಡು ಹೆಣ್ಣು ಇಬ್ಬರಲ್ಲೂ ನೋಡಬೇಕು. ಕಣ್ಣು ಕೆಂಪಾಗಿದ್ದು ನೀರು ಸುರಿಯುತ್ತಿದ್ದರೆ ಉಗುರು ತಾಗಿ ಗೀಚಿರಬಹುದು.

ಈ ಪಟ್ಟಿಯಲ್ಲಿ ಯಾವುದೂ ಇಲ್ಲದಿದ್ದರೂ "ಇವತ್ತಿನ ಅಳು ಬೇರೆ ಥರ ಇದೆ" ಅಂತ ನಿಮಗೆ ಅನ್ನಿಸಿದರೆ ಹೋಗಿ. ದಿನವೂ ಕೇಳುವ ಕಿವಿ ನಿಮ್ಮದು.

ಕಾಲು ಮಡಚಿಕೊಳ್ಳುತ್ತೆ, ಹೊಟ್ಟೆ ಗಟ್ಟಿಯಾಗುತ್ತೆ, ಗ್ಯಾಸ್ ಹೋಗುತ್ತೆ. ಹೊಟ್ಟೆನೋವೇ ಅಲ್ವಾ?

ನೋಡಿದರೆ ಹಾಗೇ ಕಾಣುತ್ತದೆ. ಆದರೆ ಯಾವುದೇ ಕಾರಣಕ್ಕೆ ಜೋರಾಗಿ ಅಳುವ ಎಳೆ ಮಗು ಮುಷ್ಟಿ ಬಿಗಿದು, ಕಾಲು ಎಳೆದುಕೊಂಡು, ಹೊಟ್ಟೆ ಬಿಗಿ ಮಾಡಿಕೊಂಡೇ ಅಳುತ್ತದೆ. ಅಳುವಾಗ ಗಾಳಿ ನುಂಗುತ್ತದೆ, ಆ ಗಾಳಿ ಕೆಳಗಿನಿಂದ ಹೋಗುತ್ತದೆ. ಹಾಗಾಗಿ ಗ್ಯಾಸ್ ಎಷ್ಟೋ ಸಲ ಅಳುವಿನ ಫಲ, ಕಾರಣ ಅಲ್ಲ. ಮಗುವಿನ ಮುಖ ನೋವಿನಲ್ಲಿರುವಂತೆ ಕಂಡರೂ ನೋವೇ ಇರಬೇಕು ಅಂತಿಲ್ಲ.

ಕೆಲವು ಮಕ್ಕಳಿಗೆ ಮಾತ್ರ ಹಸುವಿನ ಹಾಲಿನ ಪ್ರೋಟೀನ್ ಒಗ್ಗುವುದಿಲ್ಲ. ಅಂಥ ಮಕ್ಕಳಲ್ಲಿ ಅಳುವಿನ ಜೊತೆ ಮಲದಲ್ಲಿ ಲೋಳೆ ಅಥವಾ ರಕ್ತದ ಎಳೆ, ಮೈಮೇಲೆ ಕೆಂಪು ಒರಟು ಕಜ್ಜಿ, ತೂಕ ಏರದಿರುವುದು, ಇಂಥದ್ದು ಏನಾದರೂ ಇರುತ್ತದೆ. ಆಗ ಡಾಕ್ಟರ್ ಹೇಳಿದಂತೆ ಎರಡರಿಂದ ನಾಲ್ಕು ವಾರ ಆ ಹಾಲನ್ನು ಬಿಟ್ಟು ನೋಡಬಹುದು. ಆದರೆ ಅಮ್ಮ ತನ್ನಷ್ಟಕ್ಕೆ ತಾನೇ ಇವತ್ತು ಇದು, ನಾಳೆ ಅದು ಅಂತ ಊಟದಲ್ಲಿ ಒಂದೊಂದನ್ನೇ ಬಿಡುತ್ತಾ ಹೋಗುವುದು ಬೇಡ. ನಾನು ಹಾಗೆ ಮಾಡಿ ಸೊರಗಿದ್ದೆ. ಮಗಳ ಅಳು ಒಂದು ನಿಮಿಷವೂ ಕಡಿಮೆಯಾಗಲಿಲ್ಲ.

ಗ್ರೈಪ್ ವಾಟರ್ ಅಥವಾ ಗ್ಯಾಸ್ ಡ್ರಾಪ್ಸ್ ಕೊಡಬಹುದಾ?

ಗ್ರೈಪ್ ವಾಟರ್‌ನಿಂದ ಉಪಯೋಗ ಇದೆ ಎನ್ನಲು ಗಟ್ಟಿ ಆಧಾರ ಇಲ್ಲ. ಸಿಮೆಥಿಕೋನ್ ಇರುವ ಗ್ಯಾಸ್ ಡ್ರಾಪ್ಸನ್ನು ಮದ್ದೇ ಇಲ್ಲದ ಬರೀ ಹನಿಯ ಜೊತೆ ಹೋಲಿಸಿ ನೋಡಿದ್ದಾರೆ. ಎರಡರ ಫಲವೂ ಒಂದೇ. ಲ್ಯಾಕ್ಟೋಬ್ಯಾಸಿಲಸ್ ರಿಯೂಟೆರಿ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಹನಿಗಳಿಂದ, ಎದೆಹಾಲು ಮಾತ್ರ ಕುಡಿಯುವ ಕೆಲವು ಮಕ್ಕಳ ಅಳು ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಬಾಟಲಿ ಹಾಲಿನ ಮಕ್ಕಳಲ್ಲಿ ಅಷ್ಟು ಸ್ಪಷ್ಟ ಫಲ ಸಿಕ್ಕಿಲ್ಲ. ಬೇಕಿದ್ದರೆ ಡಾಕ್ಟರನ್ನು ಕೇಳಿ ಕೊಡಿ. ಡೈಸೈಕ್ಲೋಮಿನ್ ಎಂಬ ಹೊಟ್ಟೆನೋವಿನ ಔಷಧಿ ಆರು ತಿಂಗಳೊಳಗಿನ ಮಕ್ಕಳಿಗೆ ಅಪಾಯ, ಉಸಿರಾಟಕ್ಕೇ ತೊಂದರೆ ಆಗಬಹುದು. ಮನೆಯಲ್ಲಿ ಹಳೆಯ ಬಾಟಲಿ ಇದ್ದರೆ ಎಸೆದುಬಿಡಿ. ಒಂದು ವರ್ಷದವರೆಗೆ ಜೇನುತುಪ್ಪ ನಾಲಿಗೆಗೂ ಸವರಬೇಡಿ. ಆರು ತಿಂಗಳವರೆಗೆ ನೀರೂ ಬೇಡ.

ನನ್ನ ಹಾಲು ಸಾಲುತ್ತಿಲ್ಲವೇನೋ?

ಅಳುವ ಮಗುವಿನ ಅಮ್ಮನಿಗೆ ಮೊದಲು ಬರುವ ಅನುಮಾನ ಇದು. ಸುತ್ತಲಿನವರು ಮೊದಲು ಹೇಳುವ ಮಾತೂ ಇದೇ. ಅಳುವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಿದೆಯಾ? ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬಂದಿದೆಯಾ? ಅಲ್ಲಿಂದ ಮುಂದೆ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರುತ್ತಿದೆಯಾ? ಹೌದಾದರೆ ಹಾಲು ಸಾಲುತ್ತಿದೆ. ಸಂಜೆ ಹೊತ್ತು ಎದೆ ಮೆತ್ತಗಾದಂತೆ ಅನ್ನಿಸುವುದು, ಮಗು ಅರ್ಧ ಗಂಟೆಗೊಮ್ಮೆ ಹಾಲಿಗೆ ಬಾಯಿ ಹಾಕುವುದು ಕೂಡ ಸಾಮಾನ್ಯ. ತೂಕ ಏರುತ್ತಿಲ್ಲ ಅಂದರೆ ಆಗ ಮಾತ್ರ ಹಾಲಿನ ಕಡೆ ನೋಡಿ, ಮಗು ಎದೆಗೆ ಸರಿಯಾಗಿ ಬಾಯಿ ಹಿಡಿಯುತ್ತಿದೆಯಾ ಅಂತ ತಿಳಿದವರಿಗೆ ತೋರಿಸಿ.

ಹಾಗಾದ್ರೆ ಅಳುವಾಗ ಏನು ಮಾಡೋದು?

ಎಲ್ಲ ಮಕ್ಕಳಿಗೂ ಹೊಂದುವ ಉಪಾಯ ಯಾವುದೂ ಇಲ್ಲ. ನಿನ್ನೆ ಕೆಲಸ ಮಾಡಿದ್ದು ಇವತ್ತು ಮಾಡದಿರಬಹುದು. ಆದರೂ ಪ್ರಯತ್ನಿಸಲು ಸಾಕಷ್ಟಿದೆ.

ಎತ್ತಿಕೊಂಡು ನಡೆಯಿರಿ. ಎಳೆ ಮಗುವನ್ನು ಅಪ್ಪಿಕೊಂಡು ನಡೆದಾಗ ಅದರ ಎದೆಬಡಿತ ಇಳಿಯುತ್ತದೆ, ಕೈಕಾಲು ಆಡಿಸುವುದು ಕಡಿಮೆಯಾಗುತ್ತದೆ. ಸುಮ್ನೆ ಎತ್ತಿಕೊಂಡು ಕೂತರೆ ಅಷ್ಟು ಆಗುವುದಿಲ್ಲ. ಜಪಾನಿನ ರೈಕೆನ್ ಸಂಸ್ಥೆಯ ಸಂಶೋಧಕರು ಇದನ್ನು 2013ರಲ್ಲಿ ತೋರಿಸಿದರು. 2022ರಲ್ಲಿ ಮತ್ತೆ ನೋಡಿದಾಗ ಐದು ನಿಮಿಷ ನಿಲ್ಲದೆ ನಡೆದರೆ ಅಳುತ್ತಿದ್ದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ನಿದ್ದೆಗೆ ಜಾರಿದವು. ನಿದ್ದೆ ಬಂದ ಕೂಡಲೇ ಹಾಸಿಗೆಗೆ ಇಳಿಸಿದರೆ ಎಚ್ಚರವಾಗುತ್ತದೆ, ನಿಮಗೂ ಗೊತ್ತಿರುತ್ತದೆ. ಮಗುವನ್ನು ಹಿಡಿದುಕೊಂಡೇ ಐದರಿಂದ ಎಂಟು ನಿಮಿಷ ಕೂತಿದ್ದು ಆಮೇಲೆ ಮಲಗಿಸಿ ಅಂತ ಅವರು ಹೇಳಿದ್ದು. ನನ್ನ ಎರಡನೇ ಮಗುವಿನ ಹೊತ್ತಿಗೆ ಇದನ್ನು ಓದಿದ್ದೆ, ಆ ಎಂಟು ನಿಮಿಷ ನನಗೆ ಎಷ್ಟೋ ರಾತ್ರಿ ನಿದ್ದೆ ಉಳಿಸಿದೆ.

ಮಗು ರಚ್ಚೆ ಹಿಡಿಯುವ ಮೊದಲೇ ಮಲಗಿಸಿ. ಒಂದೆರಡು ತಿಂಗಳ ಮಗು ಒಂದು, ಒಂದೂವರೆ ಗಂಟೆಗಿಂತ ಜಾಸ್ತಿ ಎಚ್ಚರ ಇದ್ದರೆ ಸುಸ್ತಾಗುತ್ತದೆ. ಸುಸ್ತು ಜಾಸ್ತಿಯಾದಷ್ಟೂ ನಿದ್ದೆ ದೂರ ಹೋಗುತ್ತದೆ. ಮುಖ ತಿರುಗಿಸುವುದು, ನೋಟ ಎಲ್ಲೋ ನಿಲ್ಲುವುದು, ಕಣ್ಣಿನ ಸುತ್ತ ಕೆಂಪಾಗುವುದು, ಇವು ನಿದ್ದೆಯ ಗುರುತು. ಆಕಳಿಕೆ ಬರುವವರೆಗೆ ಕಾಯಬೇಕಿಲ್ಲ.

ಗದ್ದಲ ಕಡಿಮೆ ಮಾಡಿ. ದೀಪ ಮಂಕು ಮಾಡಿ, ಟಿವಿ ಆರಿಸಿ, ಒಬ್ಬರೇ ಹಿಡಿದುಕೊಳ್ಳಿ. ಐದು ನಿಮಿಷಕ್ಕೆ ಐದು ಕೈ ಬದಲಾದರೆ, ಗಿಲಕಿ ಆಡಿಸುತ್ತಲೇ ತೂಗಿದರೆ, ಕೆಲವು ಮಕ್ಕಳು ಇನ್ನಷ್ಟು ಕೆರಳುತ್ತವೆ. ಒಂದು ಉಪಾಯವನ್ನು ಐದು ಹತ್ತು ನಿಮಿಷವಾದರೂ ಮಾಡಿ ನೋಡಿ, ಆಮೇಲೆ ಮುಂದಿನದು. ಗಾಬರಿಯಲ್ಲಿ ನಾವು ಮಾಡುತ್ತಿದ್ದ ದೊಡ್ಡ ತಪ್ಪು ಇದೇ. ಎಲ್ಲವನ್ನೂ ಒಟ್ಟಿಗೆ ಮಾಡುತ್ತಿದ್ದೆವು.

ಕಿವಿಯ ಹತ್ತಿರ ಮೆಲ್ಲಗೆ "ಶ್ ಶ್" ಅನ್ನುವುದು, ಫ್ಯಾನಿನ ಸದ್ದು, ಒಂದೇ ಲಯದ ಜೋಗುಳ ಸಹಾಯ ಮಾಡುತ್ತವೆ. ಸದ್ದಿನ ಯಂತ್ರ ಇಟ್ಟರೆ ತೊಟ್ಟಿಲಿನಿಂದ ದೂರ ಇಡಿ, ಸದ್ದು ಸಣ್ಣಗಿರಲಿ. ಉಗುರುಬೆಚ್ಚಗಿನ ಸ್ನಾನ ಕೆಲವು ಮಕ್ಕಳಿಗೆ ಹಿತ. ಹಾಲು ಕುಡಿಸುವಾಗ ತಲೆ ಸ್ವಲ್ಪ ಎತ್ತರದಲ್ಲಿರಲಿ, ಕುಡಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ. ಬಟ್ಟೆಯಲ್ಲಿ ಸುತ್ತುವುದಾದರೆ ಸೊಂಟ, ಕಾಲು ಸಡಿಲವಾಗಿರಲಿ. ಮಗು ಮಗುಚಿಕೊಳ್ಳಲು ನೋಡುತ್ತಿದೆ ಅನ್ನಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ.

ಎಷ್ಟೇ ಸುಸ್ತಾಗಿರಲಿ, ಮಲಗಿಸುವುದು ಅಂಗಾತವೇ. ಗಟ್ಟಿ ಹಾಸಿಗೆ, ಪಕ್ಕದಲ್ಲಿ ದಿಂಬು ಬೇಡ, ದಪ್ಪ ಹೊದಿಕೆ ಬೇಡ. ಬೋರಲಾಗಿ ಮಲಗಿಸಿದರೆ ಸುಮ್ಮನಾಗುತ್ತೆ ಅಂತ ಆಸೆಯಾಗುತ್ತದೆ. ನಿಮ್ಮ ತೋಳ ಮೇಲೆ, ನೀವು ಎಚ್ಚರ ಇರುವಾಗ, ಬೋರಲಾಗಿ ಹಿಡಿದುಕೊಳ್ಳಿ. ನಿದ್ದೆಗೆ ಬೇಡ. ಮಗುವನ್ನು ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲಿ ನಿದ್ದೆ ಹೋಗುವುದು ಅದಕ್ಕಿಂತ ಅಪಾಯ.

ಸದಾ ಎತ್ತಿಕೊಂಡರೆ ಅಭ್ಯಾಸ ಆಗುತ್ತೆ ಅಂತಾರಲ್ಲ?

ಈ ವಯಸ್ಸಿನಲ್ಲಿ ಇಲ್ಲ. ಮೂರು ತಿಂಗಳ ಮಗುವಿಗೆ ಹಠ ಮಾಡಿ ಕೆಲಸ ಸಾಧಿಸುವಷ್ಟು ಬುದ್ಧಿ ಬೆಳೆದಿರುವುದಿಲ್ಲ. ಎತ್ತಿಕೊಳ್ಳಿ.

ಎಷ್ಟು ಎತ್ತಿಕೊಂಡರೂ ನಿಲ್ಲುತ್ತಿಲ್ಲ. ನಾನು ಮಾಡುವುದೆಲ್ಲ ವ್ಯರ್ಥವಾ?

ಕೆನಡಾದಲ್ಲಿ 1986ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಳಲಿ, ಅಳದಿರಲಿ, ಮಗುವನ್ನು ದಿನಕ್ಕೆ ಕೆಲವು ಗಂಟೆ ಜಾಸ್ತಿ ಎತ್ತಿಕೊಂಡಿರಿ ಅಂತ ಕೆಲವು ತಾಯಂದಿರಿಗೆ ಹೇಳಿದ್ದರು. ಆರನೇ ವಾರದಲ್ಲಿ ಆ ಮಕ್ಕಳ ಅಳು ಉಳಿದವರಿಗಿಂತ 43 ಶೇಕಡಾ ಕಡಿಮೆ ಇತ್ತು. ಆದರೆ ಆಗಲೇ ಕಾಲಿಕ್ ಶುರುವಾಗಿದ್ದ ಮಕ್ಕಳಲ್ಲಿ ಇದೇ ಉಪಾಯ ನೋಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇನ್ನೊಬ್ಬರ ಮಗು ಎತ್ತಿಕೊಂಡ ಕೂಡಲೇ ಸುಮ್ಮನಾಗುವುದಕ್ಕೂ ನಿಮ್ಮ ಮಗು ಆಗದಿರುವುದಕ್ಕೂ ಎತ್ತಿಕೊಳ್ಳುವ ಕೈ ಕಾರಣ ಅಲ್ಲ.

ನನಗೆ ಇದು ಅರ್ಥವಾದ ಮೇಲೆ ಗುರಿ ಬದಲಾಯಿತು. ಅಳು ನಿಲ್ಲಿಸುವುದು ನನ್ನ ಕೆಲಸ ಅಂದುಕೊಂಡಿದ್ದಾಗ ಪ್ರತಿ ಸಂಜೆ ಸೋಲುತ್ತಿದ್ದೆ. ಅಳುವಾಗ ಜೊತೆಗಿರುವುದು ನನ್ನ ಕೆಲಸ ಅಂದುಕೊಂಡ ಮೇಲೆ ಅದನ್ನು ಮಾಡಲು ಆಗುತ್ತಿತ್ತು. ಅಳು ಅಷ್ಟೇ ಇತ್ತು. ನನ್ನ ಕೈ ನಡುಗುವುದು ನಿಂತಿತು.

ಬೇರೆಯವರು ಎತ್ತಿಕೊಂಡರೆ ಸುಮ್ಮನಾಗುತ್ತೆ, ನನ್ನ ಹತ್ತಿರ ಬಂದರೆ ಅಳುತ್ತೆ. ಯಾಕೆ?

ಅವರು ಈಗಷ್ಟೇ ಬಂದವರು, ಅವರ ಹೆಗಲು ಬಿಗಿದಿಲ್ಲ, ಉಸಿರು ನಿಧಾನ ಇದೆ. ನೀವು ಎರಡು ಗಂಟೆಯಿಂದ ಹೊತ್ತು ತಿರುಗಿದ್ದೀರಿ. ಹಾಲಿನ ವಾಸನೆಗೆ ಮಗು ಎದೆ ಹುಡುಕುವುದೂ ಉಂಟು. ಮಗುವಿಗೆ ನೀವು ಬೇಡವಾಗಿದ್ದೀರಿ ಅಂತ ಖಂಡಿತ ಅಲ್ಲ. ಅವರ ಕೈಯಲ್ಲಿ ಸುಮ್ಮನಿದ್ದರೆ ಆ ಹೊತ್ತಿನಲ್ಲಿ ನೀವು ಮಲಗಿ.

ತಡೆಯಲಾಗದಷ್ಟು ಕೋಪ ಬರುತ್ತೆ. ಒಂದು ಕ್ಷಣ ಮಗುವನ್ನು ಜೋರಾಗಿ ಅಲ್ಲಾಡಿಸಬೇಕು ಅನ್ನಿಸಿತು. ನಾನು ಕೆಟ್ಟವಳಾ?

ಅಲ್ಲ. ಈ ಪ್ರಶ್ನೆಯನ್ನು ಜನ ತುಂಬ ಮೆಲ್ಲಗೆ, ಎಲ್ಲರೂ ಹೋದ ಮೇಲೆ ಕೇಳುತ್ತಾರೆ. ನನಗೂ ಅನ್ನಿಸಿತ್ತು. ಏಳನೇ ವಾರದ ಒಂದು ರಾತ್ರಿ ಮಗಳನ್ನು ಹಾಸಿಗೆ ಮೇಲೆ ಇಳಿಸುವಾಗ ನನ್ನ ಕೈಯಲ್ಲಿದ್ದ ಬಿಗಿ ನನಗೇ ಹೆದರಿಕೆ ತಂದಿತು. ನಿದ್ದೆ ಇಲ್ಲದ ಮೈ, ಗಂಟೆಗಟ್ಟಲೆ ಕಿವಿಗೆ ಬಡಿಯುವ ಅಳು, ಇವೆರಡೂ ಸೇರಿದರೆ ಎಂಥ ತಾಳ್ಮೆಯವರಿಗೂ ಹೀಗಾಗಬಹುದು. ಅನ್ನಿಸುವುದು ತಪ್ಪಲ್ಲ. ಮಾಡುವುದು ಮಾತ್ರ ಯಾವತ್ತೂ ಆಗಬಾರದು.

ಯಾಕೆ ಅಂತ ಸ್ಪಷ್ಟವಾಗಿ ಹೇಳಬೇಕು. ಎಳೆ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆಗೆ ಬಲ ಇಲ್ಲ. ಕೆಲವೇ ಸೆಕೆಂಡು ಜೋರಾಗಿ ಅಲ್ಲಾಡಿಸಿದರೂ ಮಿದುಳಿನ ಸುತ್ತಲಿನ ರಕ್ತನಾಳ ಹರಿಯಬಹುದು. ಕಣ್ಣು ಹೋಗಬಹುದು, ಬದುಕಿಡೀ ಊನ ಉಳಿಯಬಹುದು, ಜೀವವೇ ಹೋಗಬಹುದು. ಇದಕ್ಕೆ ಬಹಳ ಸಲ ಕಾರಣವಾಗುವುದು ನಿಲ್ಲದ ಅಳುವೇ. ಮೊಣಕಾಲ ಮೇಲೆ ಆಡಿಸುವುದರಿಂದ, ತೊಟ್ಟಿಲು ತೂಗುವುದರಿಂದ ಹೀಗಾಗುವುದಿಲ್ಲ, ಆ ಭಯ ಬೇಡ.

ಕೋಪ ಏರುತ್ತಿದೆ ಅನ್ನಿಸಿದರೆ ಹೀಗೆ ಮಾಡಿ. ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ. ಕೋಣೆಯಿಂದ ಹೊರಗೆ ಬಂದು ಬಾಗಿಲು ಮುಚ್ಚಿ. ಮುಖ ತೊಳೆಯಿರಿ, ನೀರು ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ "ನನಗೆ ಆಗ್ತಿಲ್ಲ, ಬಾ" ಅನ್ನಿ. ಐದು ಹತ್ತು ನಿಮಿಷ ಬಿಟ್ಟು ಒಳಗೆ ಹೋಗಿ ಮಗುವನ್ನು ನೋಡಿ. ಇನ್ನೂ ಕೈ ನಡುಗುತ್ತಿದ್ದರೆ ಮತ್ತೆ ಹೊರಗೆ ಬನ್ನಿ. ಸುರಕ್ಷಿತ ಜಾಗದಲ್ಲಿ ಹತ್ತು ನಿಮಿಷ ಅತ್ತರೆ ಆರೋಗ್ಯವಾಗಿರುವ ಮಗುವಿಗೆ ಏನೂ ಆಗುವುದಿಲ್ಲ. ಎತ್ತಿಕೊಂಡು ನಡೆಯುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಿ, ಇಯರ್‌ಫೋನ್ ಹಾಕಿಕೊಳ್ಳಿ. ಆಗಲೂ ಅಳು ಕೇಳಿಸುತ್ತದೆ, ಆದರೆ ಅದರ ಮೊನಚು ಇಳಿಯುತ್ತದೆ.

ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ, ಅಪ್ಪನಿಗೂ, ಅಜ್ಜಿಗೂ, ಕೆಲಸಕ್ಕೆ ಬರುವವರಿಗೂ, ಇದನ್ನು ಬಾಯಿಬಿಟ್ಟು ಹೇಳಿ. "ತಡೆಯಲಾಗದಿದ್ದರೆ ಮಲಗಿಸಿ ಹೊರಗೆ ಬಂದುಬಿಡಿ, ನಾನು ಏನೂ ಅಂದುಕೊಳ್ಳಲ್ಲ" ಅಂತ. ಅಳು ಶುರುವಾಗುವ ಮೊದಲೇ ಹೇಳಿ. ಅಕಸ್ಮಾತ್ ಯಾರಾದರೂ ಅಲ್ಲಾಡಿಸಿದ್ದರೆ ಮುಚ್ಚಿಡದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಗಂಡ ಹೆಂಡತಿ ನಡುವೆ ಜಗಳ ಜಾಸ್ತಿಯಾಗಿದೆ. ಏನು ಮಾಡೋದು?

ರಾತ್ರಿ ಎರಡು ಗಂಟೆಗೆ ಆಡಿದ ಮಾತಿಗೆ ಹಗಲಲ್ಲಿ ಲೆಕ್ಕ ಇಡಬೇಡಿ. ಪಾಳಿ ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅರ್ಧ ಗಂಟೆ ನಾನು, ಅರ್ಧ ಗಂಟೆ ನನ್ನ ಗಂಡ. ಪಾಳಿ ಇಲ್ಲದವರು ಇನ್ನೊಂದು ಕೋಣೆಗೆ ಹೋಗಲೇಬೇಕಿತ್ತು. ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ ಹಿಡಿ" ಅನ್ನುವ ಹಾಗಿರಲಿಲ್ಲ. ಇಬ್ಬರಿಗೂ ಒಂದೇ ಸಲಕ್ಕೆ ನಾಲ್ಕೈದು ಗಂಟೆ ನಿದ್ದೆ ಸಿಗುವಂತೆ ರಾತ್ರಿಯನ್ನು ಎರಡು ಭಾಗ ಮಾಡಿಕೊಂಡ ವಾರದಿಂದ ಜಗಳ ತಾನಾಗೇ ಇಳಿಯಿತು. ಒಬ್ಬರೇ ಮಗು ಸಾಕುತ್ತಿರುವವರು ವಾರದಲ್ಲಿ ಎರಡು ಸಂಜೆಯಾದರೂ ಇನ್ನೊಬ್ಬರ ಕೈ ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ. ಬಂದವರು "ಏನು ಸಹಾಯ ಮಾಡಲಿ?" ಅಂದರೆ "ಒಂದು ಗಂಟೆ ಮಗು ನೋಡ್ಕೊಳ್ಳಿ, ನಾನು ಮಲಗ್ತೀನಿ" ಅಂತ ನೇರವಾಗಿ ಹೇಳಿ.

ಮಗು ಸುಮ್ಮನಿರುವಾಗಲೂ ನನಗೆ ಅಳು ಬರುತ್ತೆ. ಇದು ಬರೀ ಸುಸ್ತಾ?

ಹೆರಿಗೆಯಾದ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ತುಂಬ ಜನರಿಗೆ ಆಗುತ್ತದೆ, ತಾನಾಗೇ ಹೋಗುತ್ತದೆ. ಎರಡು ವಾರ ದಾಟಿದ ಮೇಲೂ ಬೇಸರ ಹೋಗದಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಮಗುವಿನ ಮೇಲೆ ಏನೂ ಅನ್ನಿಸದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆಗಳಿವೆ. ಡಾಕ್ಟರ್ ಹತ್ತಿರ ಕೇಳಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಅಪ್ಪಂದಿರಿಗೂ ಖಿನ್ನತೆ ಬರುತ್ತದೆ, ಅವರಲ್ಲಿ ಅದು ಕೆಲವು ಸಲ ಸಿಡುಕಿನ ರೂಪದಲ್ಲಿ ಕಾಣುತ್ತದೆ.

ನನ್ನನ್ನೋ ಮಗುವನ್ನೋ ಏನಾದರೂ ಮಾಡಿಬಿಡುತ್ತೇನೆ ಅನ್ನಿಸಿದರೆ, ಇಲ್ಲದ ಮಾತು ಕೇಳಿಸಿದರೆ, ನಾಳೆಗೆ ಕಾಯಬೇಡಿ. ಮನೆಯವರಿಗೆ ಈಗಲೇ ಹೇಳಿ, ಇವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮನ್ನೂ ಮಗುವನ್ನೂ ಅಲ್ಲಿಯವರೆಗೆ ಒಂಟಿಯಾಗಿ ಬಿಡಬಾರದು.

ನಾಲ್ಕು ತಿಂಗಳು ದಾಟಿತು, ಇನ್ನೂ ನಿಂತಿಲ್ಲ.

ಮತ್ತೆ ಡಾಕ್ಟರಿಗೆ ತೋರಿಸಿ. ಐದು ತಿಂಗಳ ಮೇಲೂ ಅಷ್ಟೇ ಅಳು ಇದ್ದರೆ, ಅದರ ಜೊತೆ ನಿದ್ದೆ ಅಥವಾ ಹಾಲು ಕುಡಿಯುವುದೂ ಕೆಟ್ಟಿದ್ದರೆ, ಕಾಲಿಕ್ ಅಂತ ಸುಮ್ಮನಿರುವ ಹಾಗಿಲ್ಲ. ಹೋಗುವ ಮೊದಲು ಮೂರು ನಾಲ್ಕು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಅತ್ತಿತು, ಎಷ್ಟು ನಿಮಿಷ, ಯಾವಾಗ ಕುಡಿಯಿತು, ಯಾವಾಗ ಮಲಗಿತು. "ಯಾವಾಗಲೂ ಅಳುತ್ತೆ" ಅನ್ನುವುದಕ್ಕಿಂತ ಆ ಹಾಳೆ ಡಾಕ್ಟರಿಗೆ ಜಾಸ್ತಿ ಹೇಳುತ್ತದೆ. ಬರೆಯುತ್ತಾ ಹೋದಾಗ ಅಳು ಇಳಿಯುತ್ತಿರುವುದು ನಿಮಗೇ ಕಂಡರೂ ಕಾಣಬಹುದು.

ಎರಡನೇ ಮಗುವೂ ಹೀಗೇ ಆಗುತ್ತಾ?

ಹಾಗೇನಿಲ್ಲ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಿಂದ ನ್ಯೂಯಾರ್ಕಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಸುಮಾರು 10 ಶೇಕಡಾ ಮಕ್ಕಳು ಹುಟ್ಟಿನಿಂದಲೇ ಸಮಾಧಾನಕ್ಕೆ ಬಗ್ಗದ ಸ್ವಭಾವದವು ಎಂದು ಕಂಡುಕೊಂಡರು. ಒಂದೇ ಮನೆಯಲ್ಲಿ, ಒಂದೇ ಕೈಯಲ್ಲಿ ಬೆಳೆದ ಅಣ್ಣ ತಂಗಿ ಬೇರೆ ಬೇರೆ ಥರ ಇರುತ್ತಾರೆ. ನನ್ನ ಎರಡನೆಯವನು ಸಂಜೆ ಅರ್ಧ ಗಂಟೆ ಅತ್ತು ಮಲಗಿಬಿಡುತ್ತಿದ್ದ. ದೊಡ್ಡವಳು ಹನ್ನೊಂದನೇ ವಾರದ ಒಂದು ಸಂಜೆ ಅಳಲೇ ಇಲ್ಲ. ನಾವಿಬ್ಬರೂ ಗಡಿಯಾರ ನೋಡುತ್ತಾ ಕೂತಿದ್ದೆವು, ಅವಳು ಫ್ಯಾನ್ ನೋಡುತ್ತಾ ಮಲಗಿದ್ದಳು.